ಹಳೆಯ ಫೋಟೊಶಾಪ್ ಹೋಯ್ತು, ಜಾಗ ಮಾತ್ರ ಬರಲಿಲ್ಲ

ಪ್ರಶ್ನೆ: ಸ್ಟುಡಿಯೋದ ವಿಂಡೋಸ್ ಕಂಪ್ಯೂಟರಿನಲ್ಲಿ ಫೋಟೊಶಾಪ್ 2022 ಬಿಟ್ಟು 2025 ಹಾಕಿಸಿದೆವು. ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿದ್ದೇವೆ. ಆದರೂ ಪ್ರೋಗ್ರಾಂ ಫೈಲ್ಸ್‌ನಲ್ಲಿ ‘ಅಡೋಬಿ ಫೋಟೊಶಾಪ್ 2022’ ಫೋಲ್ಡರ್ ಹಾಗೇ ಇದೆ, ಸಿ ಡ್ರೈವ್ ಇನ್ನೂ ಕೆಂಪಗೇ ಇದೆ. ಅಡೋಬಿ ಎಂಬ ಹೆಸರು ಕಂಡಲ್ಲೆಲ್ಲ ಡಿಲೀಟ್ ಮಾಡಬಹುದೇ?
– ಆಲ್ಬಂ ಡಿಸೈನರ್, ದಾವಣಗೆರೆ

ಉತ್ತರ: ಖಂಡಿತ ಬೇಡ. ಅನ್‌ಇನ್‌ಸ್ಟಾಲರ್ ತಾನು ತಂದಿಟ್ಟ ಫೈಲುಗಳನ್ನಷ್ಟೇ ಒಯ್ಯುತ್ತದೆ. ಆಮೇಲೆ ನೀವು ಹಾಕಿಕೊಂಡದ್ದು, ಬೇರೆ ಸಾಫ್ಟ್‌ವೇರ್ ತಂದು ಸೇರಿಸಿದ್ದು ಅಲ್ಲೇ ಉಳಿಯುತ್ತದೆ. ಆ ಫೋಲ್ಡರ್ ತೆರೆದರೆ ಹೆಚ್ಚಾಗಿ ‘ಪ್ಲಗ್-ಇನ್ಸ್’ ಅಥವಾ ‘ಪ್ರಿಸೆಟ್ಸ್’ ಮಾತ್ರ ಕಾಣುತ್ತವೆ. ಚರ್ಮ ನಯಗೊಳಿಸುವ ಪ್ಲಗ್-ಇನ್, ಎಲ್ಲಿಂದಲೋ ತಂದ ಬ್ರಷ್‌ಗಳು ಅಲ್ಲೇ ಇರುತ್ತವೆ. ಲೈಸೆನ್ಸ್ ಇರುವ ಪ್ಲಗ್-ಇನ್ ಆದರೆ ಕಾಪಿ ಮಾಡಬೇಡಿ, ಅದರ ಇನ್‌ಸ್ಟಾಲರನ್ನೇ ಮತ್ತೊಮ್ಮೆ ಓಡಿಸಿ ಹೊಸ ಫೋಟೊಶಾಪ್ ತೋರಿಸಿ. ಬ್ರಷ್, ಗ್ರೇಡಿಯೆಂಟ್‌ಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಆಮೇಲೆ ಆ ಫೋಲ್ಡರ್ ಹೋದರೆ ನಷ್ಟವಿಲ್ಲ.

ಎರಡನೆಯ ಜಾಗ ನಿಮ್ಮ ಯೂಸರ್ ಫೋಲ್ಡರ್. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ‘ಆಪ್‌ಡೇಟಾ’ ಎಂದು ಖಾಲಿ ಜಾಗ ಬಿಡದೆ, ಹಿಂದೆ ಮುಂದೆ ಶೇಕಡಾ ಚಿಹ್ನೆ ಹಾಕಿ ಟೈಪ್ ಮಾಡಿ. ತೆರೆಯುವ ರೋಮಿಂಗ್ ಫೋಲ್ಡರಿನ ‘ಅಡೋಬಿ’ ಒಳಗೆ 2022ರ ಫೋಲ್ಡರ್ ಇರುತ್ತದೆ. ಅನ್‌ಇನ್‌ಸ್ಟಾಲ್ ವೇಳೆ ಪ್ರಿಫರೆನ್ಸ್ ಇಟ್ಟುಕೊಳ್ಳಬೇಕೇ ಎಂಬ ಪ್ರಶ್ನೆಗೆ ‘ಕೀಪ್’ ಒತ್ತಿದ್ದಕ್ಕೆ ಇದು ಉಳಿದಿದೆ. ಇದರಲ್ಲಿರುವ ‘ಆಕ್ಷನ್ಸ್ ಪ್ಯಾಲೆಟ್’ ಎಂಬ ಪುಟ್ಟ ಫೈಲಿನಲ್ಲೇ ನೀವು ವರ್ಷಗಟ್ಟಲೆ ಕೂಡಿಸಿದ ಆಕ್ಷನ್‌ಗಳೆಲ್ಲ (ಒಂದೇ ಒತ್ತಿಗೆ ಮರುನಡೆಯುವಂತೆ ದಾಖಲಿಸಿಟ್ಟ ಕೆಲಸಗಳು) ಇವೆ. ಹೊಸ ಫೋಟೊಶಾಪಿನ ಆಕ್ಷನ್ಸ್ ಪ್ಯಾನೆಲ್‌ನಲ್ಲಿ ಅವು ಬಂದಿವೆಯೇ ಎಂದು ಮೊದಲು ನೋಡಿ. ಬಂದಿದ್ದರೆ ಒಂದೊಂದು ಗುಂಪನ್ನೂ ‘ಸೇವ್ ಆಕ್ಷನ್ಸ್’ ಕೊಟ್ಟು ಹೊರಗೆ ಉಳಿಸಿಕೊಳ್ಳಿ. ಪಕ್ಕದ ‘ಆಟೊರಿಕವರ್’ ಫೋಲ್ಡರಿನಲ್ಲೂ ಇಣುಕಿ ನೋಡಿ. ಕರೆಂಟು ಹೋದ ದಿನ ಅರ್ಧಕ್ಕೆ ನಿಂತ ಆಲ್ಬಂ ಶೀಟ್ ಅಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ. ಇಷ್ಟಾದ ಮೇಲೆ ಹಳೆಯ ಫೋಲ್ಡರ್ ತೆಗೆಯಿರಿ.

ನಿಜವಾಗಿ ಜಾಗ ತಿನ್ನುವವು ಇವೆರಡೂ ಅಲ್ಲ. ಫೋಟೊಶಾಪ್ ನಡುವೆ ಕುಸಿದರೆ ಅದು ಕೆಲಸಕ್ಕೆಂದು ಡಿಸ್ಕಿನಲ್ಲಿ ತಾತ್ಕಾಲಿಕವಾಗಿ ಬರೆದುಕೊಂಡ ಸ್ಕ್ರ್ಯಾಚ್ ಫೈಲುಗಳು ಅಳಿಯದೆ ಉಳಿದುಬಿಡುತ್ತವೆ. ‘ಫೋಟೊಶಾಪ್ ಟೆಂಪ್’ ಎಂದು ಶುರುವಾಗಿ ಮುಂದೆ ಅಂಕಿಗಳಿರುವ ಹೆಸರು. ಒಂದೊಂದೇ ಹತ್ತಾರು ಜಿಬಿ ಇದ್ದರೂ ಇರಬಹುದು. ಫೋಟೊಶಾಪ್ ಮುಚ್ಚಿ, ವಿಂಡೋಸ್‌ನ ತಾತ್ಕಾಲಿಕ ಫೈಲುಗಳಿರುವ ‘ಟೆಂಪ್’ ಫೋಲ್ಡರಿನಲ್ಲಿ ಹುಡುಕಿ ಅಳಿಸಿ. ಸ್ಕ್ರ್ಯಾಚ್ ಡಿಸ್ಕ್ ಆಗಿ ಡಿ ಡ್ರೈವ್ ಕೊಟ್ಟಿದ್ದರೆ ಹಿಡನ್ ಫೈಲುಗಳು ಕಾಣುವಂತೆ ಮಾಡಿ ಅಲ್ಲೂ ನೋಡಿ. ಆ ಮೇಲೆ ಕ್ಯಾಮೆರಾ ರಾ (ಕ್ಯಾಮೆರಾದ ರಾ ಫೈಲು ತೆರೆಯುವ ಪ್ಲಗ್-ಇನ್) ಪ್ರಿಫರೆನ್ಸ್‌ಗೆ ಹೋಗಿ ‘ಪರ್ಜ್ ಕ್ಯಾಶ್’ ಒತ್ತಿ.

ಮುಟ್ಟಬಾರದ ಜಾಗಗಳೂ ಇವೆ. ಪ್ರೋಗ್ರಾಂ ಫೈಲ್ಸ್ ಎರಡು ಇರುತ್ತವಲ್ಲ, ಎರಡರ ‘ಕಾಮನ್ ಫೈಲ್ಸ್’ ಒಳಗೂ ಅಡೋಬಿ ಫೋಲ್ಡರ್ ಇದೆ. ಕ್ಯಾಮೆರಾ ರಾ ಪ್ಲಗ್-ಇನ್ ಅಲ್ಲಿರುತ್ತದೆ, ಏನೇನು ಇನ್‌ಸ್ಟಾಲ್ ಆಗಿದೆ ಎಂಬ ಲೆಕ್ಕದ ಡೇಟಾಬೇಸೂ ಅಲ್ಲೇ. ಹಳೆಯದೂ ಹೊಸದೂ ಹಂಚಿಕೊಂಡು ಬಳಸುವ ಸಾಮಾನು ಇದು, ಹೆಸರಿನ ಮುಂದೆ ವರ್ಷ ಇರುವುದಿಲ್ಲ. ಅಳಿಸಿದರೆ ಹೊಸ ಫೋಟೊಶಾಪಿನಲ್ಲಿ ರಾ ಫೈಲುಗಳು ತೆರೆಯುವುದಿಲ್ಲ, ಮುಂದಿನ ಅಪ್‌ಡೇಟೂ ಎಡವುತ್ತದೆ. ಲೆನ್ಸ್ ಪ್ರೊಫೈಲ್‌ಗಳಿರುವ ‘ಪ್ರೋಗ್ರಾಂ ಡೇಟಾ’ ಒಳಗಿನ ‘ಕ್ಯಾಮೆರಾ ರಾ’ ಫೋಲ್ಡರಿಗೂ ಇದೇ ಮಾತು.

ಅನ್‌ಇನ್‌ಸ್ಟಾಲ್ ಮಾಡದೆ ಫೋಲ್ಡರನ್ನೇ ನೇರವಾಗಿ ಅಳಿಸಿದವರಿಗೆ ಬೇರೆ ತೊಂದರೆ: ಅಡೋಬಿ ಸಾಫ್ಟ್‌ವೇರ್ ಹಾಕುವ, ತೆಗೆಯುವ ಕ್ರಿಯೇಟಿವ್ ಕ್ಲೌಡ್ ಆ್ಯಪ್‌ನ ಪಟ್ಟಿಯಲ್ಲಿ ಹಳೆಯ ಆವೃತ್ತಿ ಇನ್ನೂ ಇದೆ ಎಂದೇ ತೋರಿಸುತ್ತದೆ, ತೆಗೆಯಲು ಹೋದರೆ ಎರರ್. ಅದೇ ಆವೃತ್ತಿ ಇನ್ನೂ ಸಿಗುವಂತಿದ್ದರೆ ಮತ್ತೆ ಇನ್‌ಸ್ಟಾಲ್ ಮಾಡಿ, ಸರಿಯಾದ ದಾರಿಯಲ್ಲೇ ತೆಗೆಯಿರಿ. ಅದೂ ಆಗದಿದ್ದರೆ ಮಾತ್ರ ಅಡೋಬಿಯದೇ ‘ಕ್ರಿಯೇಟಿವ್ ಕ್ಲೌಡ್ ಕ್ಲೀನರ್ ಟೂಲ್’ ಬಳಸಿ. ಅದು ಕೊಡುವ ಪಟ್ಟಿಯಲ್ಲಿ ನಿಮಗೆ ಬೇಡದ ಆವೃತ್ತಿಯ ಸಂಖ್ಯೆಯನ್ನಷ್ಟೇ ಆರಿಸಿ. ‘ಎಲ್ಲ’ ಎಂಬ ಆಯ್ಕೆ ಹೊಸದನ್ನೂ ಗುಡಿಸಿ ಹಾಕುತ್ತದೆ. ರಿಜಿಸ್ಟ್ರಿ (ವಿಂಡೋಸ್ ಸೆಟ್ಟಿಂಗ್‌ಗಳ ಭಂಡಾರ) ಕ್ಲೀನರ್‌ಗಳ ಸಹವಾಸ ಬೇಡವೇ ಬೇಡ, ಅವುಗಳಿಂದ ಉಳಿಯುವ ಜಾಗ ಲೆಕ್ಕಕ್ಕೇ ಬರದಷ್ಟು.

ಪ್ರಶ್ನೆ: ಹಳೆಯ ಸೆಟ್ಟಿಂಗ್ ಅಳಿಸಿ ಫೋಟೊಶಾಪ್ ತೆರೆದೆ. ಈಗ ಯೂನಿಕೋಡ್ ಕನ್ನಡದಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಬರುತ್ತಿವೆ. ಫಾಂಟ್ ಹಾಳಾಯಿತೇ?
– ಓದುಗರು, ಸಾಗರ

ಉತ್ತರ: ಫಾಂಟ್ ಎಲ್ಲೂ ಹೋಗಿಲ್ಲ, ಅದು ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಲ್ಲಿರುತ್ತದೆ. ಅಕ್ಷರ ಜೋಡಿಸುವ ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಮರಳಿದೆ. ಟೆಕ್ಸ್ಟ್ ಲೇಯರ್ ಆರಿಸಿಕೊಂಡು ಪ್ಯಾರಾಗ್ರಾಫ್ ಪ್ಯಾನೆಲ್ ಮೂಲೆಯ ಮೆನುವಿನಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಕೊಡಿ.

ಪ್ರಶ್ನೆ: ಲೈಟ್‌ರೂಮ್ ಕ್ಲಾಸಿಕ್ ಪ್ರತಿ ಬಾರಿ ಅಪ್‌ಗ್ರೇಡ್ ಆದಾಗಲೂ ಒಂದೊಂದು ಹೊಸ ಕ್ಯಾಟಲಾಗ್ ಆಗಿದೆ. ಹಳೆಯವನ್ನು ತೆಗೆದರೆ ಫೋಟೊ ಹೋಗುತ್ತವೆಯೇ?
– ಓದುಗರು, ಮಂಗಳೂರು

ಉತ್ತರ: ಫೋಟೊಗಳು ಕ್ಯಾಟಲಾಗಿನೊಳಗೆ ಇರುವುದಿಲ್ಲ. ಅದರಲ್ಲಿರುವುದು ನೀವು ಮಾಡಿದ ಎಡಿಟ್, ಕೀವರ್ಡ್, ರೇಟಿಂಗ್. ದೊಡ್ಡ ಆವೃತ್ತಿ ಬಂದಾಗ ಲೈಟ್‌ರೂಮ್ ಹಳೆಯ ಕ್ಯಾಟಲಾಗನ್ನು ಹಾಗೇ ಬಿಟ್ಟು, ‘ವಿ12’, ‘ವಿ13’ ಎಂಬಂಥ ಬಾಲ ಅಂಟಿಸಿ ಹೊಸದು ಮಾಡಿಕೊಳ್ಳುತ್ತದೆ. ‘ಎಡಿಟ್’ ಮೆನುವಿನ ‘ಕ್ಯಾಟಲಾಗ್ ಸೆಟ್ಟಿಂಗ್ಸ್’ ತೆರೆದು ಈಗ ನಡೆಯುತ್ತಿರುವುದರ ಹೆಸರು ಬರೆದುಕೊಳ್ಳಿ, ಲೈಟ್‌ರೂಮ್ ಮುಚ್ಚಿ, ಆ ಹೆಸರಿಗೆ ಹೊಂದದ ಕ್ಯಾಟಲಾಗ್‌ಗಳನ್ನು ಒಂದೆರಡು ವಾರ ಬೇರೆ ಡಿಸ್ಕಿನಲ್ಲಿಡಿ. ಎಲ್ಲ ಸರಿಯಿದ್ದರೆ ಅಳಿಸಿ. ‘ಪ್ರಿವ್ಯೂಸ್’ ಫೋಲ್ಡರ್ ಅಳಿಸಿದರೂ ಅದು ಮತ್ತೆ ತಯಾರಾಗುತ್ತದೆ, ಸ್ವಲ್ಪ ಕಾಯಬೇಕಷ್ಟೆ. ಆದರೆ ಈಗಿನ ಕ್ಯಾಟಲಾಗಿನ ಪಕ್ಕ ಅದೇ ಹೆಸರಿನಲ್ಲಿ, ಕೊನೆಗೆ ‘ಡೇಟಾ’ ಎಂದಿರುವ ಫೈಲನ್ನು ಕಸ ಎಂದುಕೊಳ್ಳಬೇಡಿ. 11ನೇ ಆವೃತ್ತಿಯಿಂದ ಮಾಸ್ಕ್‌ಗಳ ಮಾಹಿತಿ ಅದರಲ್ಲಿದೆ. ‘ಬ್ಯಾಕಪ್ಸ್’ ಫೋಲ್ಡರಿನಲ್ಲಿ ಇತ್ತೀಚಿನ ಎರಡು ಮೂರು ಸಾಕು.

ಪ್ರಶ್ನೆ: ಗೂಗಲ್‌ನ ಫೋಟೊ ಸಾಫ್ಟ್‌ವೇರ್ ಪಿಕಾಸಾ ತೆಗೆದುಹಾಕಿದೆ. ಪ್ರತಿ ಫೋಟೊ ಫೋಲ್ಡರಿನಲ್ಲೂ ಚುಕ್ಕೆಯಿಂದ ಶುರುವಾಗುವ ಪಿಕಾಸಾ ಫೈಲು, ಫೋಲ್ಡರುಗಳಿವೆ. ಒಟ್ಟಿಗೆ ಹುಡುಕಿ ಅಳಿಸಲೇ?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಸ್ವಲ್ಪ ತಡೆಯಿರಿ ಸರ್, ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಕೈ ತಪ್ಪಿದರೆ ಸರಿಪಡಿಸಲಾಗದ್ದು ಇದೇ. ಪಿಕಾಸಾದಲ್ಲಿ ಎಡಿಟ್ ಮಾಡಿ ‘ಸೇವ್’ ಒತ್ತಿದಾಗ, ತಿದ್ದಿದ ಚಿತ್ರ ಮೂಲದ ಹೆಸರು ಪಡೆದು ಮುಂದೆ ನಿಲ್ಲುತ್ತದೆ. ಕ್ಯಾಮೆರಾದಿಂದ ಬಂದ ಮೂಲಪ್ರತಿ ‘ಪಿಕಾಸಾ ಒರಿಜಿನಲ್ಸ್’ ಎಂಬ ಹಿಡನ್ ಫೋಲ್ಡರಿಗೆ ಹೋಗುತ್ತದೆ. ಅದನ್ನು ಅಳಿಸಿದರೆ, ಕ್ರಾಪ್ ಮಾಡುವಾಗ ಅಂಚಿನಲ್ಲಿ ಬಿಟ್ಟುಹೋದವರು ಮತ್ತೆ ಸಿಗುವುದಿಲ್ಲ. ಅಳಿಸುವ ಮೊದಲು ಆ ಫೋಲ್ಡರುಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ. ಹೆಸರುಗಳು ಒಂದೇ ಆಗಿರುವುದರಿಂದ ಎಲ್ಲವನ್ನೂ ಒಂದೇ ಕಡೆ ಸುರಿಯಬೇಡಿ, ಒಂದರ ಮೇಲೊಂದು ಬರೆದುಹೋಗುತ್ತದೆ.

ಇನ್ನು ‘ಐಎನ್‌ಐ’ ಎಂದು ಕೊನೆಯಾಗುವ ಫೈಲು. ಸೇವ್ ಮಾಡದೆ ಬಿಟ್ಟ ಕ್ರಾಪ್, ಬಣ್ಣದ ತಿದ್ದುಪಡಿ, ನಕ್ಷತ್ರ, ಮುಖಗಳ ಗುರುತು ಅದರಲ್ಲಿ ಬರಹವಾಗಿ ಇರುತ್ತವೆ. ಬೇರೆ ಸಾಫ್ಟ್‌ವೇರಿಗೆ ಈ ತಿದ್ದುಪಡಿಗಳು ಅರ್ಥವಾಗುವುದಿಲ್ಲ. ಅದಕ್ಕೇ ಅಂಥ ಫೋಟೊಗಳು ಈಗ ತಿದ್ದದೇ ಇದ್ದಂತೆ ಕಾಣುತ್ತವೆ. ಗೂಗಲ್ 2016ರ ಮಾರ್ಚ್ 15ಕ್ಕೇ ಪಿಕಾಸಾ ಬೆಂಬಲ ನಿಲ್ಲಿಸಿದೆ. ಆದರೂ ಹಳೆಯ ಇನ್‌ಸ್ಟಾಲರ್ ನಿಮ್ಮ ಬಳಿ ಇದ್ದರೆ ಮತ್ತೊಮ್ಮೆ ಹಾಕಿ, ಫೋಲ್ಡರ್ ತಲೆಬರಹದ ಬಳಿಯ ಸೇವ್ ಗುಂಡಿ ಒತ್ತಿ ಎಡಿಟ್‌ಗಳನ್ನು ಫೋಟೊಕ್ಕೇ ಇಳಿಸಿಕೊಳ್ಳಬಹುದು. ಆಗಲೂ ಮೂಲಪ್ರತಿ ಹಿಡನ್ ಫೋಲ್ಡರಿಗೇ ಹೋಗುತ್ತದೆ, ಹಾಗಾಗಿ ಕಾಪಿ ಮಾಡುವ ಕೆಲಸ ಇದರ ನಂತರ ಇಟ್ಟುಕೊಂಡರೆ ಎರಡು ಸಲ ಮಾಡುವುದು ತಪ್ಪುತ್ತದೆ.