ತಲೆಗೆ ಪೆಟ್ಟಾಗಿ ಅಣ್ಣ ಐಸಿಯುನಲ್ಲಿದ್ದಾನೆ, ‘ಮೂವತ್ತು ಪರ್ಸೆಂಟ್ ಚಾನ್ಸ್’ ಅಂತಾರೆ. ಹುಬ್ಬಳ್ಳಿಯಲ್ಲೇ ಇಡೋದಾ, ಬೆಂಗಳೂರಿಗೆ ಒಯ್ಯೋದಾ?

ಐದನೇ ದಿನ, ಆಪರೇಷನ್ ಆಗಿದೆ, ವೆಂಟಿಲೇಟರ್ ಮೇಲಿದ್ದಾನೆ, ಇನ್ನೂ ಕಣ್ಣು ಬಿಟ್ಟಿಲ್ಲ, ಮನೆಯವರೆಲ್ಲ ಬೆಂಗಳೂರು ಬೆಂಗಳೂರು ಅಂತಿದ್ದಾರೆ. ನೀವು ಬರೆದದ್ದು ಇಷ್ಟೇ. ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. 2019ರ ಮಳೆಗಾಲದಲ್ಲಿ ಇದೇ ಪ್ರಶ್ನೆ ನನ್ನದಾಗಿತ್ತು. ನಾನು ಒಯ್ದೆ. ನೀವು ಒಯ್ಯಬೇಡಿ.

ನನ್ನ ತಮ್ಮನಿಗೆ ಆಗ 26 ವರ್ಷ. ಗದಗದಲ್ಲಿ ಪ್ರಿಂಟಿಂಗ್ ಪ್ರೆಸ್ಸಿನ ಕೆಲಸ. ಗೆಳೆಯನ ಬೈಕ್ ಹಿಂದೆ ಕೂತು ಹುಬ್ಬಳ್ಳಿಗೆ ಬರುವಾಗ ಅಣ್ಣಿಗೇರಿ ದಾಟಿದ ಮೇಲೆ ಬಿದ್ದ. ಹೆಲ್ಮೆಟ್ ಇರಲಿಲ್ಲ. ಹಿಂದೆ ಕೂತವರಿಗೆ ನಮ್ಮ ಕಡೆ ಯಾರು ಹೆಲ್ಮೆಟ್ ಕೊಡುತ್ತಾರೆ? 108 ಬಂತು, ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಸೇರಿಸಿದೆವು, ಸ್ಕ್ಯಾನ್ ಆಯ್ತು, ನಸುಕಿನಲ್ಲಿ ಆಪರೇಷನ್ ಆಯ್ತು. ಅಲ್ಲಿಯವರೆಗೆ ಯಾರದೂ ತಪ್ಪಿಲ್ಲ.

ಜಿಸಿಎಸ್ ಆರು ಅಂದರು. ಗ್ಲಾಸ್ಗೊ ಕೋಮಾ ಸ್ಕೇಲ್ ಅಂತ, ಪ್ರಜ್ಞೆ ಎಷ್ಟಿದೆ ಅಂತ ಅಳೆಯಲು 1974ರಲ್ಲಿ ಗ್ಲಾಸ್ಗೊ ಊರಿನ ಇಬ್ಬರು ಡಾಕ್ಟರು ಮಾಡಿದ ಲೆಕ್ಕ. ಕಣ್ಣಿಗೆ 4, ಮಾತಿಗೆ 5, ಕೈಕಾಲು ಆಡುವುದಕ್ಕೆ 6, ಒಟ್ಟು 15. ಎಂಟು ಅಥವಾ ಅದಕ್ಕಿಂತ ಕಡಿಮೆ ಅಂದರೆ ಗಂಭೀರ. ನಮ್ಮ ದೊಡ್ಡಪ್ಪ ಅದನ್ನು ಪರೀಕ್ಷೆ ಮಾರ್ಕ್ಸ್ ಅಂತ ತಿಳಿದು, “ಹದಿನೈದಕ್ಕ ಆರು ಅಂದ್ರ ಪಾಸ್ ಆಗ್ಯಾನಲ್ಲೋ” ಅಂದ. ಆ ಲೆಕ್ಕ ಶುರುವಾಗುವುದೇ ಮೂರರಿಂದ ಅಂತ ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಏನೂ ಅಲ್ಲಾಡದವನಿಗೂ ಮೂರು ಸಿಗುತ್ತದೆ.

ನಾಲ್ಕನೇ ದಿನ ಬೆಳಿಗ್ಗೆ ಭೇಟಿ ಟೈಮಿನಲ್ಲಿ ಒಳಗೆ ಬಿಟ್ಟರು. ಕಲಘಟಗಿ ಕಡೆಯ ಒಬ್ಬಳು ಸಿಸ್ಟರ್ ಇದ್ದಳು. “ಅಣ್ಣಾರ, ಇಲ್ಲಿ ನೋಡ್ರಿ” ಅಂತ ಕರೆದು ತಮ್ಮನ ಹುಬ್ಬಿನ ಮೂಳೆ ಮೇಲೆ ಹೆಬ್ಬೆರಳು ಒತ್ತಿದಳು. ಅವನ ಎಡಗೈ ಹಾಸಿಗೆಯಿಂದ ಎದ್ದಿತು. ನಿಧಾನಕ್ಕೆ ಎದೆ ದಾಟಿ ಗದ್ದದ ತನಕ ಬಂದು, ಅವಳ ಬೆರಳನ್ನು ಸರಿಸಲು ಹುಡುಕಿ, ದೊಪ್ಪಂತ ಬಿತ್ತು. “ನಿನ್ನಿ ಬರೇ ಹಿಂದಕ್ಕ ಎಳಕೊಂತಿದ್ದ್ರಿ. ಇವತ್ತ ನೋವು ಎಲ್ಲೈತಿ ಅಂತ ಹುಡುಕಾಕತ್ತಾರ. ಭಾಳ ಚಲೋ ಇದು” ಅಂದಳು.

ನಾನು ಏನಂದೆ ಗೊತ್ತಾ? “ಕಣ್ಣ ಬಿಟ್ಟಿಲ್ಲಲ್ಲ ಸಿಸ್ಟರ್.”

ನಿದ್ದೆಯ ಔಷಧಿ ಹೋಗುತ್ತಿರುವವನು ಕಣ್ಣು ಹೇಗೆ ಬಿಟ್ಟಾನು? ಆದರೂ ನನಗೆ ಕಣ್ಣೇ ಬೇಕಿತ್ತು. ಇಂಥ ರೋಗಿ ಉಳಿಯುವುದನ್ನು ಅಂದಾಜು ಮಾಡುವಾಗ ಡಾಕ್ಟರು ಮುಖ್ಯವಾಗಿ ನೋಡುವುದು ವಯಸ್ಸು, ಕಣ್ಣಿನ ಪಾಪೆ ಬೆಳಕಿಗೆ ಕಿರಿದಾಗುತ್ತಾ ಅನ್ನೋದು, ಸ್ಕ್ಯಾನಿನಲ್ಲಿ ಏನಿದೆ ಅನ್ನೋದು, ಮತ್ತೆ ಕೈಕಾಲಿಗೆ ಇಟ್ಟ ಆರರಲ್ಲಿ ಎಷ್ಟು ಬಂತು ಅನ್ನೋದು. ತಮ್ಮನ ಕೈ ಒಂದೇ ರಾತ್ರಿಯಲ್ಲಿ ನಾಲ್ಕರಿಂದ ಐದಕ್ಕೆ ಬಂದಿತ್ತು. ನನಗೆ ಅದು ಸುಮ್ನೆ ಕೈ ಆಡಿಸಿದ ಹಾಗೆ ಕಂಡಿತು.

ಹೊರಗೆ ಬಂದರೆ ಭಾವ ಬೆಂಗಳೂರಿನಲ್ಲಿ ಬೆಡ್ ಮಾತಾಡಿಯೇ ಬಿಟ್ಟಿದ್ದ. ಡಾಕ್ಟರು “ಈಗ ಅಲುಗಾಡಿಸಬೇಡಿ” ಅಂದರು. ಬಿಲ್ ಏರಿಸೋಕೆ ಹೇಳುತ್ತಿದ್ದಾರೆ ಅಂತ ನಮ್ಮ ತಲೆಯಲ್ಲಿ. ಸಹಿ ಹಾಕಿದೆ. ಎರಡು ಆಂಬುಲೆನ್ಸ್ ಇದ್ದವು. ಒಂದರಲ್ಲಿ ವೆಂಟಿಲೇಟರ್, ಜೊತೆಗೆ ಅದನ್ನು ನಡೆಸಲು ಕಲಿತವನು. ಇನ್ನೊಂದರಲ್ಲಿ ಆಕ್ಸಿಜನ್ ಸಿಲಿಂಡರ್, ಉಸಿರು ಕೊಡಲು ಕೈಯಿಂದ ಬಲೂನು ಒತ್ತುವ ಒಬ್ಬ ಹುಡುಗ. ಒಂಬತ್ತು ಸಾವಿರ ಕಡಿಮೆ ಅಂತ ನಾನು ಎರಡನೆಯದನ್ನು ಮಾಡಿದೆ.

ಹೊರಡುವ ಮುಂಚೆ ಮಿದುಳಿನ ಬಾವು ಇಳಿಯಲಿ ಅಂತ ಮ್ಯಾನಿಟಾಲ್ ಬಾಟಲಿ ಏರಿಸಿದರು. ತಡಸ ದಾಟುವಷ್ಟರಲ್ಲಿ ಮೂತ್ರದ ಚೀಲ ತುಂಬಿತು. ಹುಡುಗ ಖಾಲಿ ಮಾಡಿದ. ಶಿಗ್ಗಾಂವಿ ಬರುವಷ್ಟರಲ್ಲಿ ಮತ್ತೆ ಅರ್ಧ. ನೀರಿನ ಹಾಗೆ ತಿಳಿಯಾಗಿತ್ತು. “ಕಿಡ್ನಿ ಮಸ್ತ್ ಕೆಲಸ ಮಾಡಾಕತ್ತಾವ್ರಿ” ಅಂದ. ನನಗೂ ಖುಷಿ. ಅವ್ವನಿಗೆ ಫೋನ್ ಹಚ್ಚಿ ಅದನ್ನೇ ಹೇಳಿದೆ. ಮ್ಯಾನಿಟಾಲ್ ಮೈಯಲ್ಲಿನ ನೀರನ್ನು ಎಳೆದು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಹೋದಷ್ಟು ನೀರನ್ನು ಸಲೈನ್‌ನಲ್ಲಿ ತುಂಬದಿದ್ದರೆ ಬಿಪಿ ಕುಸಿಯುತ್ತದೆ. ಚೀಲ ತುಂಬುತ್ತಿದ್ದದ್ದನ್ನು ನಾವು ನೋಡಿದೆವು, ಸಲೈನ್ ನಿಂತಿದ್ದನ್ನು ನೋಡಲಿಲ್ಲ. ಬಂಕಾಪುರ ಟೋಲ್ ಹತ್ತಿರ ಮಾನಿಟರ್ ಆರಿತು, ಬ್ಯಾಟರಿ ಇಲ್ಲ. ಹಾವೇರಿಯಲ್ಲಿ ಅವನ ಕೈ ಮುಟ್ಟಿದೆ, ತಣ್ಣಗಿತ್ತು. ಅಲ್ಲೇ ಒಂದು ಆಸ್ಪತ್ರೆಗೆ ತಿರುಗಿಸಿದೆವು. ಮೇಲಿನ ಬಿಪಿ 70.

ಆ 70 ಅಂದರೆ ಏನು ಅಂತ ಆಮೇಲೆ ಓದಿ ತಿಳಿದುಕೊಂಡೆ. ಬಾತ ಮಿದುಳು ಬುರುಡೆಯೊಳಗೆ ಬಿಗಿದುಕೊಂಡಿರುತ್ತದೆ. ಆ ಒತ್ತಡಕ್ಕೆ ಎದುರಾಗಿ ರಕ್ತ ಮೇಲೆ ಹತ್ತಬೇಕು. ಬಿಪಿ ಬಿದ್ದರೆ ರಕ್ತ ಹತ್ತುವುದಿಲ್ಲ, ಪೆಟ್ಟಾಗದೆ ಉಳಿದಿದ್ದ ಭಾಗವೂ ಸಾಯುತ್ತಾ ಹೋಗುತ್ತದೆ. ಅಮೆರಿಕದಲ್ಲಿ 717 ಗಂಭೀರ ರೋಗಿಗಳ ದಾಖಲೆ ನೋಡಿ 1993ರಲ್ಲಿ ಬರೆದಿದ್ದಾರೆ: ಮೇಲಿನ ಬಿಪಿ ಒಂದೇ ಒಂದು ಸಲ 90ಕ್ಕಿಂತ ಕೆಳಗೆ ಹೋದವರಲ್ಲಿ ಸಾವು ಹೆಚ್ಚುಕಡಿಮೆ ಎರಡರಷ್ಟು. ಒಂದೇ ಸಲ. ಮಾನಿಟರ್ ಆರಿದ ಮೇಲೆ ನಾವು ಎಷ್ಟು ಹೊತ್ತು ಹಾಗೇ ಓಡಿಸಿಕೊಂಡು ಬಂದೆವು ಅಂತ ಈಗಲೂ ರಾತ್ರಿ ಎಣಿಸುತ್ತೇನೆ. ಬಂಕಾಪುರ, ಆಮೇಲೆ ಡೀಸೆಲ್‌ಗೆ ನಿಂತದ್ದು, ಆಮೇಲೆ ನಾನೇ ಚಹಾ ಕುಡಿಯೋಣ ಅಂದದ್ದು.

ಮರುದಿನ ಬೆಂಗಳೂರು ಮುಟ್ಟಿದಾಗ ಒಂದು ಪಾಪೆ ದೊಡ್ಡದಾಗಿ ನಿಂತುಬಿಟ್ಟಿತ್ತು. ಆರು ದಿನ ಇದ್ದ. ಹುಬ್ಬಳ್ಳಿಯಲ್ಲೇ ಇಟ್ಟಿದ್ದರೂ ಹೋಗುತ್ತಿದ್ದ, ಹಣೆಬರಹ ಅಂತ ಎಲ್ಲರೂ ಸಮಾಧಾನ ಹೇಳಿದ್ದಾರೆ. ಬೆಂಗಳೂರಿನ ಡಾಕ್ಟರ್ ಮಾತ್ರ ಹೇಳಲಿಲ್ಲ. ಫೈಲ್ ತಿರುಗಿಸಿ, “ದಾರಿಯಲ್ಲಿ ಬಿಪಿ ಎಷ್ಟಿತ್ತು?” ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ, ಬೇಜಾರಾಗಬೇಡಿ. ಊರು ಯಾವುದು ಅನ್ನೋದು ಪ್ರಶ್ನೆಯಲ್ಲ. ಇಲ್ಲಿ ಇಲ್ಲದ್ದು ಅಲ್ಲೇನಿದೆ ಅಂತ ಡಾಕ್ಟರನ್ನೇ ನೇರವಾಗಿ ಕೇಳಿ. ಸ್ಕ್ಯಾನ್, ನ್ಯೂರೋ ಸರ್ಜನ್, ವೆಂಟಿಲೇಟರ್ ಮೂರೂ ಇರುವ ಕಡೆ ಇದ್ದೀರಿ ಅಂದರೆ ಐದನೇ ದಿನ ಹೆದ್ದಾರಿಗೆ ಹಾಕಿ ನಾನೂರು ಕಿಲೋಮೀಟರ್ ಅಲುಗಾಡಿಸಲು ಅವಸರವೇನಿದೆ? ಅವು ಇಲ್ಲದ ಊರಿನಲ್ಲಿದ್ದಿದ್ದರೆ ಮೊದಲ ದಿನವೇ ಓಡಿ ಅನ್ನುತ್ತಿದ್ದೆ. ನಿಮ್ಮದು ಹಾಗಲ್ಲ ಅಲ್ವಾ.

ಮೂವತ್ತು ಪರ್ಸೆಂಟ್ ಮಾತೂ ಅಷ್ಟೇ. ನಿಮ್ಮ ಅಣ್ಣನಂಥವರು ನೂರು ಜನ ಇದ್ದರೆ ಮೂವತ್ತು ಜನ ಉಳಿಯುತ್ತಾರೆ ಅಂತ ಅದರ ಅರ್ಥ. ನಿಮ್ಮವನು ಆ ಮೂವತ್ತರಲ್ಲಿ ಇದ್ದಾನಾ ಅಂತ ಅದು ಹೇಳುವುದಿಲ್ಲ. ಅದನ್ನೇ ಹಿಡಿದು ಯಾರೋ ಒಬ್ಬರು “ಸುಮ್ನ ಮನೀಗೆ ಒಯ್ಯೂಣು” ಅನ್ನುತ್ತಾರೆ, ನೋಡಿರಿ ಬೇಕಾದರೆ. ಕೆನಡಾದಲ್ಲಿ ಆರು ದೊಡ್ಡ ಆಸ್ಪತ್ರೆಗಳ 720 ಗಂಭೀರ ರೋಗಿಗಳ ಲೆಕ್ಕ 2011ರಲ್ಲಿ ಬಂದಿದೆ. ಸತ್ತವರು 228. ಅದರಲ್ಲಿ ಹತ್ತಕ್ಕೆ ಏಳು ಸಾವು ಯಂತ್ರ, ಚಿಕಿತ್ಸೆ ತೆಗೆದ ಮೇಲೆ ಆದದ್ದು, ಅವುಗಳಲ್ಲಿ ಅರ್ಧದಷ್ಟು ಮೊದಲ ಮೂರೇ ದಿನದಲ್ಲಿ. ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ ಇಂಥ ಗಂಭೀರ ರೋಗಿಗಳನ್ನು ವರ್ಷದ ತನಕ ಹಿಂಬಾಲಿಸಿದರು. ಅರ್ಧದಷ್ಟು ಜನ ದಿನಕ್ಕೆ ಎಂಟು ಗಂಟೆಯಾದರೂ ಮನೆಯಲ್ಲಿ ಒಬ್ಬರೇ ಇರುವಷ್ಟು ಸುಧಾರಿಸಿದ್ದರು. ಒಂದು ವರ್ಷ ಬೇಕಾಯಿತು. ನಾನು ನಾಲ್ಕು ದಿನಕ್ಕೆ ತಾಳ್ಮೆ ಕಳೆದುಕೊಂಡೆ.

ಇನ್ನೊಂದು. ಮೆಡಿಕಲ್ ಶಾಪ್ ಇಟ್ಟ ನೆಂಟರು ಯಾರಾದರೂ ಸ್ಟೆರಾಯ್ಡ್ ಕೊಡಿಸಿ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಹತ್ತು ಸಾವಿರ ಜನರ ಮೇಲೆ ಪರೀಕ್ಷೆ ಮಾಡಿ 2004ರಲ್ಲೇ ಗೊತ್ತಾಗಿದೆ, ತಲೆಪೆಟ್ಟಿಗೆ ಅದನ್ನು ಕೊಟ್ಟರೆ ಸಾವು ಜಾಸ್ತಿ.

ಸಂಜೆ ಒಳಗೆ ಬಿಟ್ಟಾಗ ಕಣ್ಣು ಬಿಟ್ಟನಾ ಅಂತ ಕೇಳಬೇಡಿ. ಕೈಗೆ ಎಷ್ಟು ಕೊಟ್ಟಿದ್ದೀರಿ, ನಿನ್ನೆ ಎಷ್ಟಿತ್ತು, ಪಾಪೆ ಎರಡೂ ಸರಿ ಇವೆಯಾ, ಬಿಪಿ ಎಲ್ಲಾದರೂ ಬಿದ್ದಿತ್ತಾ, ಇಷ್ಟು ಕೇಳಿ. ಒಂದು ಚೀಟಿಯಲ್ಲಿ ದಿನಾ ಬರೆದಿಡಿ. ನಾನೂ ಒಂದು ಚೀಟಿ ಇಟ್ಟಿದ್ದೆ, ಈಗಲೂ ಪಾಕೀಟಿನಲ್ಲಿದೆ. ಅದರಲ್ಲಿ ಇರುವುದೆಲ್ಲ ಬಿಲ್ಲಿನ ಲೆಕ್ಕ.