ಹಕ್ಕಿಗಳಿಗೆ ಇಟ್ಟ ನೀರಿನ ತೊಟ್ಟಿ ಮೂರೇ ದಿನಕ್ಕೆ ಪಾಚಿ ಕಟ್ಟುತ್ತದೆ. ಏನು ಹಾಕಿದರೆ ನೀರು ತಿಳಿಯಾಗಿ ಉಳಿಯುತ್ತದೆ?

ಏನೂ ಹಾಕಬೇಡಿ. ಮೈಲುತುತ್ತ ಬೇಡ, ಪಟಿಕ ಬೇಡ, ಪಕ್ಕದ ಮನೆಯವರು ಹೇಳಿದರು ಅಂದಿದ್ದೀರಲ್ಲ, ಆ ಎರಡು ಹನಿ ಸೀಮೆಎಣ್ಣೆಯಂತೂ ಬೇಡವೇ ಬೇಡ. ಇಪ್ಪತ್ತು ಲೀಟರ್ ಹಿಡಿಯುವ ಸಿಮೆಂಟ್ ತೊಟ್ಟಿ, ದಿನಾ ಬೆಳಿಗ್ಗೆ ಮೇಲಿಂದ ನೀರು ತುಂಬಿಸುತ್ತೇನೆ, ವಾರಕ್ಕೊಮ್ಮೆ ತೊಳೆಯುತ್ತೇನೆ ಅಂತ ಬರೆದಿದ್ದೀರಿ. ಓದಿ ಎದೆ ಧಸಕ್ಕೆಂದಿತು. 2019ರಲ್ಲಿ ನಾನು ಮಾಡುತ್ತಿದ್ದದ್ದೂ ಇದನ್ನೇ. ವಾರಕ್ಕೊಮ್ಮೆ ತೊಳೆಯುವುದೂ ಇರಲಿಲ್ಲ.

ನಮ್ಮದು ಮೈಸೂರು. ಅತ್ತೆಯವರ ಊರಿನ ಹಳೆಮನೆ ಕೆಡವಿದಾಗ ಕೊಟ್ಟಿಗೆಯಲ್ಲಿದ್ದ ಕಲ್ಲುಬಾನಿಯನ್ನು ಹಿತ್ತಿಲಿಗೆ ತಂದು ಇಟ್ಟೆವು. ದನಕ್ಕೆ ಕಲಗಚ್ಚು ಹಾಕುತ್ತಿದ್ದ ಬಾನಿ. ನಾಲ್ಕು ಜನ ಸೇರಿ ಗಾಡಿಯಿಂದ ಇಳಿಸಿದ್ದು. ದಾಸವಾಳದ ಪಕ್ಕ ಕೂರಿಸಿ ಮೂರು ಬಿಂದಿಗೆ ನೀರು ಹೊಯ್ದೆ. ವಾರದೊಳಗೆ ಹಕ್ಕಿಗಳಿಗೆ ಸುದ್ದಿ ಮುಟ್ಟಿತು. ಪಿಕಳಾರದ ಜೋಡಿ, ಮಡಿವಾಳ ಹಕ್ಕಿ, ಗೊರವಂಕ, ಗಲಾಟೆ ಮಾಡಿಕೊಂಡೇ ಬರುವ ಹರಟೆಮಲ್ಲಗಳ ಗುಂಪು. ಕಾಗೆ ಎಲ್ಲಿಂದಲೋ ಒಣ ಚಪಾತಿ ತಂದು ನೀರಲ್ಲಿ ನೆನೆಸಿ ತಿನ್ನುತ್ತಿತ್ತು. ಎಲ್ಲಕ್ಕಿಂತ ಜಾಸ್ತಿ ಬರುತ್ತಿದ್ದದ್ದು ಬೆಳವಕ್ಕಿ. ಚೋರೆ ಹಕ್ಕಿ ಅಂತಲೂ ಅನ್ನುತ್ತಾರೆ. ಕತ್ತಿನ ಹಿಂದೆ ಕಪ್ಪು ಬಟ್ಟೆಗೆ ಬಿಳಿ ಚುಕ್ಕಿ ಇಟ್ಟ ಹಾಗೆ ಇರುತ್ತದಲ್ಲ, ಅದು.

ಬೆಳವಕ್ಕಿ ನೀರು ಕುಡಿಯುವುದನ್ನು ಹತ್ತಿರದಿಂದ ನೋಡಿದ್ದೀರಾ? ಪಿಕಳಾರ, ಗೊರವಂಕಗಳು ಒಂದು ಗುಟುಕು ತುಂಬಿಕೊಂಡು ತಲೆ ಮೇಲೆತ್ತಿ ಇಳಿಸಿಕೊಳ್ಳುತ್ತವೆ. ಬೆಳವಕ್ಕಿ ಹಾಗಲ್ಲ. ಪಾರಿವಾಳದ ಜಾತಿ ಅದು. ಕೊಕ್ಕನ್ನು ನೀರಿಗೆ ಅದ್ದಿ, ದನ ಕುಡಿದ ಹಾಗೆ ಒಂದೇ ಸಮ ಹೀರುತ್ತದೆ. ಗಂಟಲಲ್ಲಿ ಸಣ್ಣಗೆ ಅಲೆ ಏಳುವುದು ಕಾಣುತ್ತದೆ. ಅದನ್ನು ನೋಡುತ್ತಾ ಅಡುಗೆಮನೆ ಕಿಟಕಿಯಲ್ಲಿ ಕಾಫಿ ಕುಡಿಯುವುದು ನನ್ನ ದಿನದ ಒಳ್ಳೆಯ ಹೊತ್ತಾಗಿತ್ತು.

ಏಪ್ರಿಲ್‌ನಲ್ಲಿ ಒಂದು ಬೆಳವಕ್ಕಿ ದಾಸವಾಳದ ಬುಡದಲ್ಲಿ ಗರಿ ಉಬ್ಬಿಸಿಕೊಂಡು ಕೂತಿತ್ತು. ಹತ್ತಿರ ಹೋದರೂ ಹಾರಲಿಲ್ಲ. ಬಾಯಿ ಅರ್ಧ ತೆರೆದೇ ಇತ್ತು. ಬಿಸಿಲಿಗೆ ಸುಸ್ತಾಗಿದೆ ಅಂದುಕೊಂಡೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ ಅಲ್ವಾ? ಚಮಚದಲ್ಲಿ ನೀರು ಬಿಟ್ಟೆ. ಒಳಗೆ ಇಳಿಯದೆ ಕೊಕ್ಕಿನ ಪಕ್ಕದಿಂದ ಹಾಗೇ ಹೊರಗೆ ಬಂತು. ರಟ್ಟಿನ ಡಬ್ಬದಲ್ಲಿ ಇಟ್ಟೆ. ಬೆಳಿಗ್ಗೆ ಸತ್ತಿತ್ತು. ಪಾಪ, ನೀರು ಸಾಲದೆ ಹೀಗಾಯಿತು ಅಂತ ಅವತ್ತು ಬಾನಿಗೆ ಇನ್ನೂ ಒಂದು ಬಿಂದಿಗೆ ಹೊಯ್ದೆ. ಆಮೇಲೆ ಎರಡು ವಾರದಲ್ಲಿ ಇನ್ನೂ ಮೂರು ಸತ್ತವು.

ಐದನೆಯದನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಪಶು ವೈದ್ಯರ ಹತ್ತಿರ ಓಡಿದೆ. ಅವರು ಕೊಕ್ಕು ಬಿಡಿಸಿ ಟಾರ್ಚ್ ಹಾಕಿ ತೋರಿಸಿದರು. ಗಂಟಲಲ್ಲಿ ಹಳದಿ ಗಂಟು. ಗಿಣ್ಣಿನ ಚೂರು ಅಂಟಿಕೊಂಡ ಹಾಗೆ. ಟ್ರೈಕೊಮೊನಾಸ್ ಅನ್ನುವ, ಕಣ್ಣಿಗೆ ಕಾಣದ ಜೀವಿಯಿಂದ ಬರುವ ಕಾಯಿಲೆ. ಪಾರಿವಾಳ ಸಾಕುವವರು ಕ್ಯಾಂಕರ್ ಅನ್ನುತ್ತಾರೆ. ಮನುಷ್ಯರಿಗೆ ಬರುವ ಕಾಯಿಲೆ ಅಲ್ಲ. ಗಂಟು ಬೆಳೆದ ಹಾಗೆ ಹಕ್ಕಿಗೆ ನುಂಗಲು ಆಗುವುದಿಲ್ಲ. ಬಾಯಿಗೆ ತೆಗೆದುಕೊಂಡ ನೀರು ಎಂಜಲಾಗಿ ವಾಪಸ್ ತೊಟ್ಟಿಗೇ ಬೀಳುತ್ತದೆ. ಅದನ್ನು ಇನ್ನೊಂದು ಹಕ್ಕಿ ಹೀರುತ್ತದೆ.

"ಮನೆ ಹತ್ತಿರ ಹಕ್ಕಿಗೆ ನೀರು ಇಡ್ತೀರಾ ಅಮ್ಮ?" ಅಂತ ಕೇಳಿದರು. "ಹೌದು, ದಿನಾ ತಪ್ಪದೆ ತುಂಬಿಸ್ತೀನಿ" ಅಂದೆ. "ತುಂಬಿಸೋದು ಕೇಳಲಿಲ್ಲ. ಪೂರ್ತಿ ಖಾಲಿ ಮಾಡಿದ್ದು ಯಾವಾಗ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾನಿ ತಂದು ಇಟ್ಟಾಗಿನಿಂದ ಒಂದು ಸಲವೂ ಖಾಲಿ ಮಾಡಿರಲಿಲ್ಲ. ಇದಕ್ಕೆ ಔಷಧಿ ಇದೆ, ಆದರೆ ಆ ಹಕ್ಕಿಗೆ ಹೊತ್ತು ಮೀರಿತ್ತು.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮಾಡುವಾಗ ಇದು ತಪ್ಪು ಅನ್ನಿಸುವುದೇ ಇಲ್ಲ. ತುಂಬಿಸುವುದು ಬೇರೆ, ಬದಲಿಸುವುದು ಬೇರೆ. ಬೇಸಿಗೆಯಲ್ಲಿ ಸಂಜೆ ಹೊತ್ತಿಗೆ ಬಾನಿಯ ನೀರು ನಾಲ್ಕು ಬೆರಳು ಇಳಿಯುತ್ತಿತ್ತು. ಆರಿಹೋಗುವುದು ಬರೀ ನೀರು. ಹಿಕ್ಕೆ ಆರುವುದಿಲ್ಲ. ಎಂಜಲು, ಗರಿಯ ಹೊಟ್ಟು, ಕಾಗೆ ಬಿಟ್ಟ ಚಪಾತಿ ಚೂರು ಯಾವುದೂ ಆರುವುದಿಲ್ಲ. ಬೆಳಿಗ್ಗೆ ನಾನು ಮೇಲಿಂದ ಹೊಸ ನೀರು ಹೊಯ್ಯುತ್ತೇನೆ. ಮೇಲ್ಮೈ ಫಳಫಳ ಹೊಳೆಯುತ್ತದೆ, ನನಗೂ ಸಮಾಧಾನ. ಕೆಳಗೆ ನಿನ್ನೆಯದು, ಮೊನ್ನೆಯದು, ಹೋದ ತಿಂಗಳದ್ದು ಎಲ್ಲಾ ಹಾಗೇ ಕೂತಿರುತ್ತದೆ. ಈ ಕಾಯಿಲೆಯ ಜೀವಿ ಕೊಳೆ ಸೇರಿದ ನೀರಿನಲ್ಲೇ ಜಾಸ್ತಿ ಹೊತ್ತು ಬದುಕುವುದು. ಒಣಗಿದರೆ ಬೇಗ ಸಾಯುತ್ತದೆ. ದಿನಾ ತುಂಬಿಸಿ ತುಂಬಿಸಿ, ಆ ಬಾನಿ ಒಂದು ದಿನವೂ ಒಣಗದ ಹಾಗೆ ಕಾಪಾಡಿದವಳು ನಾನು.

ಯಾಕೆ ಖಾಲಿ ಮಾಡಲಿಲ್ಲ ಅಂದರೆ, ಆಗುತ್ತಿರಲಿಲ್ಲ. ಬಾನಿಯನ್ನು ಒಬ್ಬರು ಅಲ್ಲಾಡಿಸಲೂ ಸಾಧ್ಯವಿಲ್ಲ. ಚೊಂಬಿನಲ್ಲಿ ಮೊಗೆದರೆ ತಳದ ಎರಡು ಇಂಚು ಉಳಿದೇ ಉಳಿಯುತ್ತದೆ. ಎಲ್ಲಾ ಕೊಳೆಯೂ ಆ ಎರಡು ಇಂಚಿನಲ್ಲೇ ಇರುತ್ತದೆ. ನಿಮ್ಮ ತೊಟ್ಟಿಯ ಕಷ್ಟವೂ ಇದೇ. ಪಾಚಿ ಅಲ್ಲ. ಪಾಚಿಯಿಂದ ಹಕ್ಕಿಗೆ ಅಂಥ ತೊಂದರೆ ಇಲ್ಲ. ನೀರು ಹಳೆಯದಾಗಿದೆ ಅಂತ ಅದು ನಿಮಗೆ ಹೇಳುತ್ತಿದೆ ಅಷ್ಟೇ. ಔಷಧಿ ಹಾಕಿ ಪಾಚಿ ಸಾಯಿಸಿದರೆ ಹಳೇ ನೀರು ಹೊಸದರ ಹಾಗೆ ಕಾಣುತ್ತದೆ, ಆಮೇಲೆ ನೀವು ತೊಳೆಯುವುದೂ ಇಲ್ಲ. ಮೈಲುತುತ್ತ ಅಡಿಕೆ ತೋಟಕ್ಕೆ ಹೊಡೆಯುವ ವಿಷ, ಅದನ್ನು ಕುಡಿಯುವ ನೀರಿಗೆ ಹಾಕುವ ಮಾತೇ ಇಲ್ಲ. ಸೀಮೆಎಣ್ಣೆ ಗರಿಗೆ ಅಂಟಿದರೆ ಗರಿ ನೀರು ತಡೆಯುವುದಿಲ್ಲ, ಮೈಯ ಕಾವು ನಿಲ್ಲುವುದಿಲ್ಲ. ಸ್ನಾನ ಮಾಡಿದ ಹಕ್ಕಿ ಕೊಕ್ಕಿನಿಂದ ಗರಿ ಸವರಿಕೊಳ್ಳುವಾಗ ಅದೇ ಎಣ್ಣೆ ಹೊಟ್ಟೆಗೂ ಹೋಗುತ್ತದೆ.

ವೈದ್ಯರು ಹೇಳಿದಂತೆ ಬಾನಿ ಪೂರ್ತಿ ಬಳಿದು ಒಣಗಲು ಬಿಟ್ಟೆ. ಮೂರು ವಾರ ಒಂದು ಹನಿ ನೀರೂ ಇಡಲಿಲ್ಲ. ಕಾಯಿಲೆ ಕಂಡ ಜಾಗದಲ್ಲಿ ನೀರು ನಿಲ್ಲಿಸಿದರೆ ಹಕ್ಕಿಗಳು ಚದುರುತ್ತವೆ, ಒಂದರಿಂದ ಒಂದಕ್ಕೆ ಹರಡುವುದು ಕಡಿಮೆಯಾಗುತ್ತದೆ. ಏಪ್ರಿಲ್ ಕೊನೆ, ಸುಡುಬಿಸಿಲು. ಪಿಕಳಾರ ಬಂದು ಖಾಲಿ ಬಾನಿಯ ಅಂಚಲ್ಲಿ ಕೂತು ಒಳಗೆ ಇಣುಕಿ ಹೋಗುತ್ತಿತ್ತು. ಕಿಟಕಿಯಲ್ಲಿ ನಿಲ್ಲಲು ಆಗುತ್ತಿರಲಿಲ್ಲ ನನಗೆ. ಆದರೆ ಅವು ನನ್ನೊಬ್ಬಳ ನೀರನ್ನೇ ನಂಬಿ ಬದುಕಿರಲಿಲ್ಲ. ಲಿಂಗಾಂಬುಧಿ ಕೆರೆ ಇದೆ, ಕುಕ್ಕರಹಳ್ಳಿ ಕೆರೆ ಇದೆ, ಬೀದಿಯಲ್ಲಿ ಸೋರುವ ನಲ್ಲಿಗಳಿವೆ.

ಇದು ನನ್ನೊಬ್ಬಳ ಹಿತ್ತಿಲಿನ ಕಥೆ ಅಂದುಕೊಳ್ಳಬೇಡಿ. ಬ್ರಿಟನ್‌ನಲ್ಲಿ 2005ರ ಹೊತ್ತಿಗೆ ಇದೇ ಕಾಯಿಲೆ ಗ್ರೀನ್‌ಫಿಂಚ್ ಅನ್ನುವ ಸಣ್ಣ ಹಸಿರು ಹಕ್ಕಿಗೆ ತಗುಲಿತು. ಜನ ಪ್ರೀತಿಯಿಂದ ಕಾಳು, ನೀರು ಇಡುವ ಕೈತೋಟಗಳಿಗೆ ಗುಂಪಾಗಿ ಬರುವ ಹಕ್ಕಿ ಅದು. 2021ರಲ್ಲಿ ಅದನ್ನು ಅಲ್ಲಿನ ಅಪಾಯದ ಕೆಂಪು ಪಟ್ಟಿಗೆ ಸೇರಿಸಬೇಕಾಯಿತು.

ಈಗ ನನ್ನ ಹತ್ತಿರ ಎರಡು ಮಣ್ಣಿನ ತಟ್ಟೆ ಇವೆ. ಕುಂಡದ ಕೆಳಗೆ ಇಡುತ್ತಾರಲ್ಲ, ಅಂಥವು. ಒಂದೂವರೆ ಅಡಿ ಅಗಲ, ಆಳ ಎರಡು ಇಂಚೂ ಇಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೋಗುವಾಗ ನಿನ್ನೆಯ ತಟ್ಟೆಯ ನೀರು ಗಿಡಕ್ಕೆ ಚೆಲ್ಲುತ್ತೇನೆ. ತೆಂಗಿನ ನಾರಿನಲ್ಲಿ ಉಜ್ಜಿ, ಬಿಸಿನೀರು ಹೊಯ್ದು, ಒಳಮೈಗೆ ಬಿಸಿಲು ಬೀಳುವ ಹಾಗೆ ಕಾಂಪೌಂಡಿಗೆ ಒರಗಿಸುತ್ತೇನೆ. ನಿನ್ನೆಯಿಡೀ ಒಣಗಿದ ಇನ್ನೊಂದು ತಟ್ಟೆಗೆ ಹೊಸ ನೀರು. ಮೂರು ನಿಮಿಷದ ಕೆಲಸ. ಸೋಪು ಹಾಕುವುದಿಲ್ಲ, ಮಣ್ಣು ಅದನ್ನು ಹೀರಿಕೊಂಡು ಆಮೇಲೆ ಬಿಡುತ್ತದೆ. ಕಾಯಿಲೆ ಹಕ್ಕಿ ಕಂಡರೆ ಮಾತ್ರ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಸೇರಿಸಿ ತೊಳೆದು, ನಾಲ್ಕೈದು ಸಲ ಜಾಲಿಸಿ, ವಾಸನೆ ಹೋಗುವ ತನಕ ಒಣಗಿಸಬೇಕು. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಉಜ್ಜುವುದನ್ನು ಬಿಡಲೇಬೇಡಿ. ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮಟ್ಟದ ಮೇಲಿನ ಒದ್ದೆ ಗೋಡೆಗೆ. ನೀರು ಚೆಲ್ಲಿದರೂ ಅದು ಅಂಟಿಕೊಂಡೇ ಇರುತ್ತದೆ. ಒಣಗಿಸಿದರೂ ಸಾಯುವುದಿಲ್ಲ, ತಿಂಗಳುಗಟ್ಟಲೆ ಕಾದು, ನೀರು ತಾಗಿದ ಮೇಲೆ ಮರಿಯಾಗುತ್ತದೆ. ಹಕ್ಕಿ ಕಾಯಿಲೆಗೆ ಬಿಸಿಲು ಬೇಕು, ಸೊಳ್ಳೆ ಮೊಟ್ಟೆಗೆ ನಾರು ಬೇಕು. ಮೊಟ್ಟೆ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ವಾರ, ಹತ್ತು ದಿನ ಸಾಕು. 2024ರಲ್ಲಿ ನಮ್ಮ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ಅಂತ ಘೋಷಿಸಿ, ಮನೆ ಸುತ್ತ ನೀರು ನಿಲ್ಲಿಸಿದರೆ ದಂಡ ಅಂದದ್ದು ಸುಮ್ನೆ ಅಲ್ಲ. ಹಕ್ಕಿಗೆ ಇಟ್ಟ ನೀರು ಅಂದರೆ ಸೊಳ್ಳೆ ಬಿಡುತ್ತದಾ?

ಎರಡು ಇಂಚಿಗಿಂತ ಆಳ ಬೇಡ. ಮಧ್ಯೆ ಒಂದು ಒರಟು ಕಲ್ಲು ಇಡಿ. ಈಗಷ್ಟೇ ಹಾರಲು ಕಲಿತ ಮರಿ ಜಾರಿ ಬಿದ್ದರೆ ಹತ್ತಿ ಬರಲು ಏನಾದರೂ ಬೇಕಲ್ಲ. ನುಣುಪು ಪಿಂಗಾಣಿ ಬೇಡ, ಪ್ಲಾಸ್ಟಿಕ್ ಬೇಡ. ನೆರಳಲ್ಲಿ ಇಡಿ, ಆದರೆ ಪೊದೆಯ ಮಗ್ಗುಲಲ್ಲಿ ಬೇಡ. ಬೆಕ್ಕು ಅಡಗಿ ಕೂರುತ್ತದೆ, ನೆನೆದ ಹಕ್ಕಿಗೆ ಬೇಗ ಏಳಲು ಆಗುವುದಿಲ್ಲ. ಪೊದೆಯಿಂದ ಎಂಟು ಹತ್ತು ಅಡಿ ದೂರ ಇರಲಿ, ತಲೆ ಮೇಲೆ ಒಂದು ಕೊಂಬೆ ಇದ್ದರೆ ಒಳ್ಳೆಯದು. ಕಾಳು ಹಾಕುವುದಿದ್ದರೆ ನೀರಿನ ಪಕ್ಕ ಹಾಕಬೇಡಿ.

ಕೆಲಸಕ್ಕೆ ಹೋಗುವವನು, ವಾರಕ್ಕೊಮ್ಮೆಗಿಂತ ಜಾಸ್ತಿ ಆಗುವುದಿಲ್ಲ ಅಂತಲೂ ಬರೆದಿದ್ದೀರಿ. ಹಾಗಿದ್ದರೆ ಇಡಬೇಡಿ. ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ಹೇಳಲೇಬೇಕು. ಕೆಟ್ಟ ನೀರಿಗಿಂತ ನೀರಿಲ್ಲದಿರುವುದು ಹಕ್ಕಿಗೆ ಮೇಲು. ಭಾನುವಾರ ಮಾತ್ರ ಬಿಡುವಿದ್ದರೆ ಭಾನುವಾರ ಮಾತ್ರ ಇಡಿ, ಸಂಜೆ ಕವುಚಿ ಹಾಕಿ. ಊರಿಗೆ ಹೋಗುವಾಗ ನಾನು ಎರಡೂ ತಟ್ಟೆ ಕವುಚಿ ಹೋಗುತ್ತೇನೆ. ಬಂದ ಮಾರನೇ ದಿನವೇ ಪಿಕಳಾರ ಹಾಜರ್.

ಬೆಳವಕ್ಕಿಗಳು ವಾಪಸ್ ಬರಲು ಮುಂದಿನ ಬೇಸಿಗೆ ಆಯಿತು. ಈಗ ಮೂರು ಬರುತ್ತವೆ. ಹೀರುವಾಗ ಗಂಟಲನ್ನೇ ನೋಡುತ್ತೇನೆ, ಅಲೆ ಸರಿಯಾಗಿ ಇಳಿಯುತ್ತಿದೆಯಾ ಅಂತ.

ಬಾನಿ ಅಲ್ಲೇ ಇದೆ. ತಳಕ್ಕೆ ತೂತು ಹೊಡೆಸಿ, ಮಣ್ಣು ತುಂಬಿ ಕನಕಾಂಬರ ಹಾಕಿದ್ದೇನೆ. ತಟ್ಟೆಯ ಹಳೇ ನೀರು ಹೋಗುವುದು ಅದಕ್ಕೇ. ನಿಮ್ಮ ಸಿಮೆಂಟ್ ತೊಟ್ಟಿಗೂ ಹಾಗೇ ಮಾಡಿಸಿ. ಕಲ್ಲಿಗಿಂತ ಸಿಮೆಂಟ್ ಸುಲಭ, ಡ್ರಿಲ್ ಇರುವವರು ಹತ್ತು ನಿಮಿಷದಲ್ಲಿ ತೂತು ಹೊಡೆದು ಕೊಡುತ್ತಾರೆ.