ಜಪಾನಿ ಮನೆ ಅಡುಗೆಗೆ ಮೊದಲು ಯಾವ ಪಾತ್ರೆ ಕೊಳ್ಳಬೇಕು? ಅಲ್ಲಿನ ಸಣ್ಣ ಪಾತ್ರೆ ಅಂಗಡಿಗಳು ಹೇಗೆ ನಡೆಯುತ್ತವೆ?

ಜಪಾನಿ ಅಡುಗೆಯನ್ನು ಮನೆಯಲ್ಲೇ ಶುರು ಮಾಡಬೇಕು, ಏನೇನು ಕೊಳ್ಳಲಿ ಎಂದು ಕೇಳಿದ್ದೀರಿ. ಜೊತೆಗೆ, ಎಲ್ಲವೂ ಫೋನಿನಲ್ಲೇ ಸಿಗುವಾಗ ಅಲ್ಲಿನ ಸಣ್ಣ ಪಾತ್ರೆ ಅಂಗಡಿಗಳು ಹೇಗೆ ಉಳಿದಿವೆ ಅಂತಲೂ ಕೇಳಿದ್ದೀರಿ. ನಾನು ಮಲೆನಾಡಿನ ಸಾಗರದ ಕಡೆಯವಳು, ಮದುವೆಯಾಗಿ ಬಂದದ್ದು ಒಸಾಕಾಕ್ಕೆ. ಗಂಡನ ಮನೆಯವರದ್ದು ಮಾಡು ಹೊದಿಸಿದ ಹಳೆಯ ಪೇಟೆಬೀದಿಯಲ್ಲೊಂದು ಪಾತ್ರೆ ಅಂಗಡಿ. 11 ವರ್ಷದಿಂದ ಅತ್ತೆಯ ಜೊತೆ ವ್ಯಾಪಾರಕ್ಕೆ ಕೂರುತ್ತಿದ್ದೇನೆ.

ಅತ್ತೆ ಗಿರಾಕಿಗೆ ಮೊದಲು ಕೇಳುವುದು ಒಂದೇ: "ಮನೇಲಿ ಎಷ್ಟು ಜನ?" ಎಷ್ಟರೊಳಗೆ ಬೇಕು ಎಂದು ಅವರು ಬೆಲೆಯಿಂದ ಮಾತು ಶುರು ಮಾಡಿದ್ದನ್ನು ನಾನು ನೋಡಿಲ್ಲ. ಇಲ್ಲಿ ತರಕಾರಿಯನ್ನು ಸ್ವಲ್ಪವೇ ಸಾರಿನಲ್ಲಿ ಬೇಯಿಸುತ್ತಾರೆ. ಪಾತ್ರೆ ದೊಡ್ಡದಾದರೆ ಸಾರು ತಳಕ್ಕೆ ಹರಡಿ ಆರಿಹೋಗುತ್ತದೆ, ತರಕಾರಿ ಅರ್ಧ ಹೊರಗೇ ಉಳಿಯುತ್ತದೆ. ಆದ್ದರಿಂದ ಅಳತೆ ಮೊದಲು, ಮಿಕ್ಕಿದ್ದು ಆಮೇಲೆ.

ಶುರುವಿಗೆ ಮೂರು ಸಾಮಾನು ಸಾಕು. ಒಂದು, ಯುಕಿಹಿರಾ ಎನ್ನುವ ಪಾತ್ರೆ. ಮೈತುಂಬ ಸುತ್ತಿಗೆಯ ಗುರುತಿರುವ ತೆಳು ಅಲ್ಯುಮಿನಿಯಂ, ಮರದ ಹಿಡಿ, ಸುರಿಯಲು ಎರಡೂ ಕಡೆ ಮೂತಿ. ಇಬ್ಬರು ಮೂವರಿಗೆ 18 ಸೆಂಟಿಮೀಟರ್ ಅಗಲದ್ದು ತೆಗೆದುಕೊಳ್ಳಿ. ಅದರಲ್ಲಿ ಹುಣಸೆಹುಳಿಯ ಸಾರು ಮಾಡಿಡಬೇಡಿ, ಹುಳಿಗೆ ಅಲ್ಯುಮಿನಿಯಂ ಕೆಡುತ್ತದೆ.

ಎರಡನೆಯದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಯಾಕೆಂದರೆ ನನ್ನ ಅಡುಗೆ ಬದಲಾದದ್ದು ಅದರಿಂದ. ಒತೊಶಿಬುತಾ ಅಂದರೆ ಪಾತ್ರೆಯ ಬಾಯಿಗಿಂತ ಎರಡು ಮೂರು ಸೆಂಟಿಮೀಟರ್ ಚಿಕ್ಕದಾದ ಮರದ ಮುಚ್ಚಳ. ಅದು ಪಾತ್ರೆಯ ಮೇಲಲ್ಲ, ಒಳಗೆ ತರಕಾರಿಯ ಮೇಲೇ ಕೂರುತ್ತದೆ. ಸಾರು ಕುದಿದು ಮೇಲೆದ್ದು, ಮುಚ್ಚಳಕ್ಕೆ ತಾಗಿ, ಹೋಳುಗಳ ಮೇಲೆ ಮತ್ತೆ ಇಳಿಯುತ್ತದೆ. ಹಾಗಾಗಿ ಅಂಗೈಯಷ್ಟು ಸಾರಿನಲ್ಲೇ ಸಿಹಿಗುಂಬಳ ಎಲ್ಲ ಕಡೆ ಒಂದೇ ಸಮ ಬೇಯುತ್ತದೆ, ಸೌಟು ಆಡಿಸುವ ಕೆಲಸವೇ ಇಲ್ಲ, ಹೋಳು ಒಡೆಯುವುದೂ ಇಲ್ಲ. ಬಳಸುವ ಮುಂಚೆ ನೀರಲ್ಲಿ ನೆನೆಸಲೇಬೇಕು. ಒಣ ಮರವಾದರೆ ಸಾರನ್ನೂ ವಾಸನೆಯನ್ನೂ ತಾನೇ ಹೀರಿಕೊಳ್ಳುತ್ತದೆ. ಊರಿಗೆ ಹೋದಾಗ ಅಮ್ಮನಿಗೆ ಒಂದು ಕೊಟ್ಟು ಬಂದೆ, ಈಗ ಸುವರ್ಣಗೆಡ್ಡೆ ಬೇಯಿಸಲು ಅವಳಿಗೆ ಅದೇ ಬೇಕು.

ಮೂರನೆಯದು ಸುರಿಬಾಚಿ. ಮಣ್ಣಿನ ಬಟ್ಟಲು, ಒಳಗೆಲ್ಲ ಬಾಚಣಿಗೆಯಿಂದ ಗೀರಿದಂಥ ಗೆರೆಗಳು, ಜೊತೆಗೊಂದು ಮರದ ಗುಂಡು. ನಮ್ಮ ಒರಳಿನಂತೆ ಇದರಲ್ಲಿ ಕುಟ್ಟುವುದಿಲ್ಲ, ಸುತ್ತಿಸಿ ಅರೆಯುವುದು ಮಾತ್ರ. ಹುರಿದ ಎಳ್ಳನ್ನು ಅರೆದು, ಸೋಯಾ ಸಾಸ್, ಚೂರು ಸಕ್ಕರೆ ಸೇರಿಸಿ, ಬೆಂದ ಬೀನ್ಸನ್ನು ಅದೇ ಬಟ್ಟಲಲ್ಲಿ ಕಲಸಿ. ಎಳ್ಳು ಚಟ್ನಿಪುಡಿ ತಿಂದು ಬೆಳೆದವರಿಗೆ ಇದು ಹೊಸ ರುಚಿ ಅನ್ನಿಸುವುದಿಲ್ಲ.

ಪಾತ್ರೆಗಿಂತ ಮುಖ್ಯವಾದದ್ದು ದಾಶಿ, ಅಂದರೆ ಎಲ್ಲಕ್ಕೂ ತಳಹದಿಯಾದ ತಿಳಿಸಾರು. ಸಾಮಾನ್ಯವಾಗಿ ಕೊಂಬು ಎಂಬ ಕಡಲಪಾಚಿಗೆ ಒಣಮೀನಿನ ಹೆರೆತವನ್ನು ಸೇರಿಸುತ್ತಾರೆ. ನಾನು ಮೀನು ತಿನ್ನುವುದಿಲ್ಲ. ಬೌದ್ಧ ಮಠಗಳ ಶೋಜಿನ್ ಎಂಬ ಸಸ್ಯಾಹಾರಿ ಅಡುಗೆಯಲ್ಲಿ ಕೊಂಬು ಮತ್ತು ಒಣ ಶಿಟಾಕೆ ಅಣಬೆಯ ದಾಶಿ ಇದೆ, ಅದು ಯಾವುದಕ್ಕೂ ಕಡಿಮೆಯಲ್ಲ. ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು, ಎರಡು ಮೂರು ಅಣಬೆ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಸಣ್ಣ ಉರಿಯಲ್ಲಿ ಕಾಯಿಸಿ, ಕುದಿ ಬರುವ ಮುಂಚೆ ಕೊಂಬನ್ನು ತೆಗೆಯಿರಿ, ಕುದಿದರೆ ಲೋಳೆ ಬಿಡುತ್ತದೆ. 1908ರಲ್ಲಿ ಇಕೆದಾ ಕಿಕುನಾಯೆ ಎಂಬ ರಸಾಯನ ವಿಜ್ಞಾನಿ ರುಚಿ ಕೊಡುವ ಗ್ಲುಟಮೇಟನ್ನು ಬೇರ್ಪಡಿಸಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟದ್ದು ಈ ಕೊಂಬಿನಿಂದಲೇ. ಒಂದು ಎಚ್ಚರಿಕೆ: ಗಡಸು ನೀರಿನಲ್ಲಿ ಕೊಂಬು ರಸ ಬಿಡುವುದು ಕಡಿಮೆ. ನಿಮ್ಮಲ್ಲಿ ಬೋರ್‌ವೆಲ್ ನೀರಾದರೆ ಫಿಲ್ಟರ್ ನೀರನ್ನೇ ಬಳಸಿ. ಮಿಸೋ, ಅಂದರೆ ಹುದುಗಿಸಿದ ಸೋಯಾ ಮುದ್ದೆ, ಹಾಕುವ ಸೂಪಿಗಾದರೆ ಒಲೆ ಆರಿಸಿದ ಮೇಲೆ ಅದನ್ನು ಕರಗಿಸಿ, ಮತ್ತೆ ಕುದಿಸಿದರೆ ಪರಿಮಳ ಹೋಗುತ್ತದೆ.

ದೊನಾಬೆ ಎಂಬ ಮಣ್ಣಿನ ಪಾತ್ರೆಯ ಮೇಲೆ ಎಲ್ಲರಿಗೂ ಆಸೆ. ನಮ್ಮ ಅಂಗಡಿಯಲ್ಲಿರುವವು ಇಗಾ ಎಂಬ ಊರಿನಿಂದ ಬರುತ್ತವೆ. ಬಿವಾ ಸರೋವರ ಒಂದು ಕಾಲಕ್ಕೆ ಇದ್ದದ್ದು ಇಗಾದ ಆ ಕಡೆಯಲ್ಲಿ, ಆ ತಳದ ಮಣ್ಣು ಸುಟ್ಟ ಮೇಲೆ ಸಣ್ಣ ಸಣ್ಣ ರಂಧ್ರ ಉಳಿಸಿಕೊಳ್ಳುತ್ತದೆ. ಅದಕ್ಕೇ ಶಾಖ ಹಿಡಿದಿಡುತ್ತದೆ, ಅದಕ್ಕೇ ಹೊಸತರಲ್ಲಿ ನೀರೂ ಜಿನುಗುತ್ತದೆ. ಮೊದಲ ಸಲ ಅದರಲ್ಲಿ ಗಂಜಿ ಬೇಯಿಸಿ, ತಣಿಯುವವರೆಗೂ ಹಾಗೇ ಬಿಡಬೇಕು, ಆ ಗಂಜಿತಿಳಿ ರಂಧ್ರಗಳನ್ನು ಮುಚ್ಚುತ್ತದೆ. ನಮ್ಮ ಕರಾವಳಿಯಲ್ಲಿ ಹೊಸ ಮಡಕೆ ಪಳಗಿಸುವ ಕ್ರಮ ಗೊತ್ತಿದ್ದವರಿಗೆ ಬೇರೆ ಪಾಠ ಬೇಡ. ನನಗೆ ಗೊತ್ತಿತ್ತು. ಆದರೂ ಬಂದ ಮೊದಲ ಚಳಿಗಾಲದಲ್ಲಿ ತೊಳೆದ ದೊನಾಬೆಯ ತಳ ಒರೆಸದೆ ಉರಿಯ ಮೇಲಿಟ್ಟೆ, ಸೀಳಿತು. ಅದು ಅತ್ತೆ ಮದುವೆಯಾಗಿ ಬರುವಾಗ ತಂದದ್ದು. ಅವರು ಬೈಯಲಿಲ್ಲ. ಮರುದಿನದಿಂದ ದೊನಾಬೆ ಕೊಂಡವರಿಗೆಲ್ಲ "ತಳ ಒಣಗಿರಲಿ" ಎಂದು ಹೇಳುವ ಕೆಲಸ ನನಗೆ ಒಪ್ಪಿಸಿದರು, ಇವತ್ತಿಗೂ ಅದು ನನ್ನದೇ. ನಿಮ್ಮ ಮನೆಯಲ್ಲಿ ಇಂಡಕ್ಷನ್ ಒಲೆ ಇದ್ದರೆ ಸಾಧಾರಣ ದೊನಾಬೆ ಕೊಳ್ಳಲೇಬೇಡಿ, ಕಾಯುವುದಿಲ್ಲ.

ಪಡ್ಡಿನ ಹಂಚು ಇದ್ದವರು ತಕೊಯಾಕಿ, ಅಂದರೆ ಆಕ್ಟೋಪಸ್ ಚೂರಿನ ಹಿಟ್ಟಿನುಂಡೆ, ಸುಡುವ ಹಂಚಿಗೆ ದುಡ್ಡು ಹಾಕಬೇಡಿ. ನಾನು ಇಲ್ಲಿ ತಕೊಯಾಕಿ ಹಂಚಿನಲ್ಲೇ ಪಡ್ಡು ಹುಯ್ಯುತ್ತೇನೆ, ಚೆನ್ನಾಗಿ ಏಳುತ್ತದೆ.

ಇನ್ನು ಅಂಗಡಿ. ಸುಳ್ಳು ಹೇಳುವುದಿಲ್ಲ, ನಮ್ಮ ಬೀದಿಯಲ್ಲಿ ಷಟರ್ ಎಳೆದೇ ಇರುವ ಅಂಗಡಿಗಳಿವೆ. ಜರಡಿ, ಸೌಟಿನಂಥವಕ್ಕೆ 100 ಯೆನ್ ಅಂಗಡಿಯ ಜೊತೆ ನಾವು ಸ್ಪರ್ಧಿಸಲಾರೆವು. ಹೋಟೆಲಿನವರು ಸೆನ್ನಿಚಿಮಾಯೆಯ ದೋಗುಯಾಸುಜಿಗೆ ಹೋಗುತ್ತಾರೆ, ಆ ಬೀದಿಯೇ ಅಡುಗೆ ಸಾಮಾನಿನದ್ದು. ನಮಗೆ ಉಳಿದಿರುವುದು ಸುತ್ತಲಿನ ಮನೆಗಳು ಮತ್ತು ಋತುಗಳು. ಏಪ್ರಿಲ್‌ಗೆ ಮುಂಚೆ ಮೊದಲ ಸಲ ಒಂಟಿಯಾಗಿ ಮನೆ ಮಾಡುವ ಹುಡುಗ ಹುಡುಗಿಯರು ಬರುತ್ತಾರೆ. ಜೂನ್ ಬಂದರೆ ಉಪ್ಪಿನಲ್ಲಿ ಹಾಕಿಡುವ ಉಮೆ ಎಂಬ ಹುಳಿಕಾಯಿ, ಆಗ ಭರಣಿಗಳ ವ್ಯಾಪಾರ. ಕಾಯಿಯ ತೂಕದ ನೂರಕ್ಕೆ 18 ಪಾಲು ಉಪ್ಪು, ಮೇಲೆ ಭಾರ, ಜುಲೈ ಕೊನೆಯಲ್ಲಿ ಮೂರು ದಿನ ಬಿಸಿಲು: ನಮ್ಮಲ್ಲಿ ಅಪ್ಪೆಮಿಡಿ ಹಾಕುವ ದಿನಗಳ ಸಡಗರವೇ ಇಲ್ಲೂ. ಚಳಿಗೆ ದೊನಾಬೆ, ಡಿಸೆಂಬರಿಗೆ ಹೊಸವರ್ಷದ ಊಟ ತುಂಬುವ ಅಂತಸ್ತಿನ ಪೆಟ್ಟಿಗೆಗಳು.

ಆದರೆ ಅಂಗಡಿಯ ಬಾಗಿಲು ತೆರೆಸುತ್ತಿರುವುದು ರಿಪೇರಿ ಎಂದೇ ನನ್ನ ನಂಬಿಕೆ. ಗಂಡ ಚಾಕು ಮಸೆಯುತ್ತಾರೆ, ಮೊದಲು 1000 ನಂಬರಿನ ಕಲ್ಲು, ಆಮೇಲೆ ನಯವಾದದ್ದು. ಚಾಕುಗಳು ಪಕ್ಕದ ಸಾಕಾಯಿ ಊರಿನವು, ಅಲ್ಲಿ ಕಾಯಿಸಿ ಬಡಿಯುವವರು ಒಬ್ಬರು, ಅಲಗಿಗೆ ಹರಿತ ಕೊಡುವವರು ಇನ್ನೊಬ್ಬರು, ಹಿಡಿ ಹಾಕುವವರು ಮತ್ತೊಬ್ಬರು. ಸಕಾರಣವಿಲ್ಲದೆ 6 ಸೆಂಟಿಮೀಟರಿಗಿಂತ ಉದ್ದದ ಅಲಗನ್ನು ಜೊತೆಗೆ ಒಯ್ಯುವುದು ಇಲ್ಲಿ ಅಪರಾಧ, ಹಾಗಾಗಿ ಮಸೆಯಲು ತರುವವರು ಟವೆಲಿನಲ್ಲಿ ಸುತ್ತಿ, ಕಟ್ಟಿ, ಚೀಲದೊಳಗಿಟ್ಟು ತರುತ್ತಾರೆ. ಬಿಚ್ಚುತ್ತಾ ಬಿಚ್ಚುತ್ತಾ ಮಾತು ಬೆಳೆಯುತ್ತದೆ. ಯುಕಿಹಿರಾದ ಮರದ ಹಿಡಿ ಸುಟ್ಟರೆ ಹಿಡಿಯೊಂದನ್ನೇ ಬದಲಿಸಿಕೊಡುತ್ತೇವೆ. ಅದರಲ್ಲಿ ಲಾಭ ಅಷ್ಟಕ್ಕಷ್ಟೆ. ಆದರೆ ಹಿಡಿ ಹಾಕಿಸಿಕೊಂಡವರು ಮುಂದಿನ ಪಾತ್ರೆಗೆ ನಮ್ಮಲ್ಲಿಗೇ ಬರುತ್ತಾರೆ. ನೀವು ಊರಲ್ಲಿ ಇಂಥ ಅಂಗಡಿ ಹಾಕುವ ಯೋಚನೆಯಲ್ಲಿದ್ದರೆ, ದಾಸ್ತಾನಿಗೆ ಬಂಡವಾಳ ಸುರಿಯುವ ಮುಂಚೆ ಮಸೆಯುವುದನ್ನು ಕಲಿಯಿರಿ.

ದೊನಾಬೆಯ ಅಳತೆಯನ್ನು ಗೋ ಎಂದು ಎಣಿಸುತ್ತಾರೆ, ಒಂದು ಗೋ ಸುಮಾರು 3 ಸೆಂಟಿಮೀಟರ್. ಒಬ್ಬರಿಗೆ 6, ಮೂರು ನಾಲ್ಕು ಜನಕ್ಕೆ 8, ಅದಕ್ಕಿಂತ ದೊಡ್ಡ ಸಂಸಾರಕ್ಕೆ 9. ಹೋದ ಚಳಿಗಾಲ ನಮ್ಮ ಹಳೆಯ ಗಿರಾಕಿ ಅಜ್ಜಿಯೊಬ್ಬರು ಬಂದರು. ಅವರ ಮನೆಯ 9ರ ದೊನಾಬೆ ನಮ್ಮಲ್ಲೇ ಕೊಂಡದ್ದು. ಈಗ ಎತ್ತಲು ಭಾರ, ಚಿಕ್ಕದು ಕೊಡಿ ಎಂದರು. ಆ ದಿನ ಅತ್ತೆ ಎಷ್ಟು ಜನ ಎಂದು ಕೇಳಲಿಲ್ಲ. 6ರದ್ದನ್ನು ದಾಟಿ 7ರದ್ದನ್ನು ಕೆಳಗಿಳಿಸಿ, "ಮಗಳು ಬಂದಾಗ ಇಬ್ಬರಿಗೆ ಆಗುತ್ತೆ" ಎಂದು ಮುಂದಿಟ್ಟರು. ಅಜ್ಜಿ ಮುಚ್ಚಳ ತೆಗೆದು ಒಳಗೆ ನೋಡಿದರು. ನಾನು ತಳ ಒಣಗಿರಲಿ ಎಂದು ಹೇಳುವುದರೊಳಗೆ ಅವರೇ ಅದನ್ನು ಹೇಳಿ ನಕ್ಕರು.